ಪುದುಪೇಟೆಯಲ್ಲಿ ಒಂದು ಜೊತೆ ಚಕ್ರ

ಚೆನ್ನೈಗೆ ಬಂದ ನೆಂಟರನ್ನು ನಾವು ಮಯಿಲಾಪುರಕ್ಕೂ ಮರೀನಾ ಕಡಲತೀರಕ್ಕೂ ಕರೆದೊಯ್ಯುತ್ತೇವೆ; ಪುದುಪೇಟೆಗೆ ಮಾತ್ರ ಯಾರೂ ಕರೆದೊಯ್ಯುವುದಿಲ್ಲ. ಎಗ್ಮೋರಿನಿಂದ ಹೆಚ್ಚು ದೂರವಿಲ್ಲದೆ, ಕೂವಂ ನದಿಯ ಮಗ್ಗುಲಿಗಿರುವ ಈ ಪೇಟೆ ಹಳೆಯ ಮೋಟಾರು ಸಾಮಾನುಗಳ ಸಂತೆ. ಬಾಗಿಲು, ದೀಪ, ಎಂಜಿನ್ನು, ಸೀಟು, ಎಲ್ಲವೂ ಬೀದಿಯವರೆಗೆ ಚೆಲ್ಲಿಕೊಂಡಿರುತ್ತವೆ.

ನಾನು ಅಲ್ಲಿಗೆ ಹೋದದ್ದು ಮಗನ ಹಟಕ್ಕೆ. ನಮ್ಮ ತಂದೆಯವರ ಯೆಜ್ಡಿ ಮೋಟಾರ್ ಸೈಕಲ್ಲು ಬಹುಕಾಲ ಮೂಲೆ ಹಿಡಿದಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಸರಕು. ಆ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಮಗ ಅದಕ್ಕೆ ಹೊಸ ಬಣ್ಣ ಬಳಿಸಿದ, ಹೊಸ ಸೀಟು ಹೊಲಿಸಿದ. ಉಳಿದದ್ದು ತುಕ್ಕು ಹಿಡಿದ ಚಕ್ರಗಳು. ಕಪ್ಪು ಅಲಾಯ್ ಚಕ್ರ ಹಾಕಿಸಿಕೊಂಡು ದಸರೆಗೆ ಅದರಲ್ಲೇ ಮೈಸೂರಿಗೆ ಹೋಗುವುದಾಗಿ ಸಾರಿಬಿಟ್ಟ. ಅವನ ತಾಯಿ ನನ್ನ ಕಡೆ ತಿರುಗಿ, "ಚಕ್ರ ನೀವೇ ನಿಂತು ನೋಡಿ ತನ್ನಿ. ಆಮೇಲೆ ಹೋಗಲಿ," ಎಂದಳು. ನನಗೆ ಚಕ್ರದ ವಿಷಯ ಏನು ಗೊತ್ತು! ಪರಿಚಯದ ಒಬ್ಬ ಮುದಿ ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡೆ.

ಮೊದಲು ಜನರಲ್ ಪ್ಯಾಟರ್ಸ್ ರಸ್ತೆಯಲ್ಲಿ ಹೊಸ ಸಾಮಾನಿನ ಬೆಲೆ ಕೇಳಿದೆವು. ಕೇಳಿ ಸುಮ್ಮನೆ ಹೊರಟೆವು. ಪುದುಪೇಟೆಯ ಒಂದು ಅಂಗಡಿಯಲ್ಲಿ ಮಿರುಗುವ ಅಲಾಯ್ ಚಕ್ರಗಳು ಸಿಕ್ಕವು, ಬೆಲೆಯೂ ಅಗ್ಗ. ಮಗನ ಮುಖ ಅರಳಿತು. ಮೇಸ್ತ್ರಿ ಮಾತನಾಡದೆ ಒಂದು ಮೊಳೆಯಿಂದ ಅಂಚಿನ ಬಣ್ಣ ಕೆರೆದ. ಅಡಿಯಲ್ಲಿ ಬೆಸುಗೆಯ ಗಂಟು!

"ಉಕ್ಕಿನ ರಿಮ್ಮು ಹಳ್ಳಕ್ಕೆ ಬಿದ್ದರೆ ಸೊಟ್ಟಗಾಗುತ್ತದೆ ತಂಬಿ, ಎರಕದ್ದು ಸೀಳುತ್ತದೆ. ಸೀಳಿದ್ದನ್ನು ಬೆಸೆದು ಬಣ್ಣ ಬಳಿದರೆ ನಿನಗೆ ಕಾಣಿಸುತ್ತದೆಯೆ?"

ಗಟ್ಟಿಯಾದದ್ದು ಸಿಕ್ಕಿದ್ದರೂ ತೊಡಕು ತಪ್ಪುತ್ತಿರಲಿಲ್ಲ. ಅಲಾಯ್ ಚಕ್ರಕ್ಕೆ ನಡುವಿನ ಹಬ್ ಕೂಡ ಒಂದೇ ಎರಕದಲ್ಲಿ ಬಂದಿರುತ್ತದೆ. ಬೇರೆ ಗಾಡಿಯದನ್ನು ತಂದರೆ ಅಚ್ಚು ಹೊಂದಬೇಕು, ಬ್ರೇಕು ಹೊಂದಬೇಕು, ಹಿಂದಿನ ಹಲ್ಲುಚಕ್ರ ಮುಂದಿನದರ ನೇರಕ್ಕೆ ಬರಬೇಕು. ಇದಕ್ಕೆಲ್ಲ ಲೇತಿನಲ್ಲಿ ಬುಷ್ಷು ಕಡೆಸುವ ಹೊತ್ತಿಗೆ ಅಗ್ಗದ ಚಕ್ರ ಅಗ್ಗವಾಗಿ ಉಳಿಯುವುದಿಲ್ಲ. ಇನ್ನು ಅಗಲದ ಚಕ್ರದ ಆಸೆಗೆ ಕಾನೂನೂ ಅಡ್ಡ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಕ್ಕೆ ವಿರೋಧವಾದ ಮಾರ್ಪಾಟನ್ನು ಒಪ್ಪುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ.

ಕಡೆಗೆ ಮೇಸ್ತ್ರಿ ಹೇಳಿದ ದಾರಿಯೇ ನಮ್ಮ ಜೇಬಿಗೂ ಹೊಂದಿತು. ಹಳೆಯ ಹಬ್ಬುಗಳನ್ನೇ ಇಟ್ಟುಕೊಂಡು ಹೊಸ ರಿಮ್ಮನ್ನೂ ಹೊಸ ಕಡ್ಡಿಗಳನ್ನೂ ಕೊಳ್ಳುವುದು. ರಿಮ್ಮಿನ ವ್ಯಾಸ ಮತ್ತು ಅಗಲ ಹಳೆಯದರಷ್ಟೇ ಇರಬೇಕು, ಕಡ್ಡಿಯ ತೂತುಗಳನ್ನು ಎಣಿಸಿ ತೆಗೆದುಕೊಳ್ಳಬೇಕು, ಐ.ಎಸ್.ಐ. ಮುದ್ರೆ ನೋಡಬೇಕು. ಮಗನ ಸಮಾಧಾನಕ್ಕೆ ಕಪ್ಪು ಬಣ್ಣದ್ದನ್ನೇ ಆರಿಸಿದೆವು.

ಕಡ್ಡಿ ಹೆಣೆಯುವುದು ನೋಡತಕ್ಕ ಕೆಲಸ. ಮೇಸ್ತ್ರಿ ಚಕ್ರವನ್ನು ಅಚ್ಚಿಗೆ ಏರಿಸಿ ತಿರುಗಿಸುತ್ತ ಅಂಚಿನ ಹತ್ತಿರ ಸೀಮೆಸುಣ್ಣ ಹಿಡಿದ. ಉಬ್ಬಿದ ಕಡೆ ಮಾತ್ರ ಬಿಳಿ ಗೀರು ಬೀಳುತ್ತದೆ. ಅಲ್ಲಿ ಒಂದು ಕಡ್ಡಿ ಸಡಿಲಿಸಿ ಎದುರಿನದನ್ನು ಬಿಗಿಯುವುದು, ಮತ್ತೆ ತಿರುಗಿಸುವುದು. ಗೀರು ಸುತ್ತಲೂ ಒಂದೇ ಸಮ ಬೀಳುವವರೆಗೆ ಬಿಡಲಿಲ್ಲ. ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ ಕಿವಿಗೊಟ್ಟ; ಸಡಿಲವಾದದ್ದು ಮಂಕಾಗಿ ನುಡಿಯುತ್ತದಂತೆ. ಟ್ಯೂಬಿಗೆ ಚುಚ್ಚದಂತೆ ಒಳಗೆ ಚಾಚಿದ ತುದಿಗಳನ್ನು ಅರದಿಂದ ಉಜ್ಜಿದ. ಬೆಳಿಗ್ಗೆ ಮುಖ ಊದಿಸಿಕೊಂಡಿದ್ದ ನಮ್ಮ ಹುಡುಗ ಸಂಜೆಯ ಹೊತ್ತಿಗೆ ಅವನ ಪಕ್ಕ ನೆಲದ ಮೇಲೆ ಕೂತು, ಕೈಯೆಲ್ಲ ಮಸಿ ಮಾಡಿಕೊಂಡು ಕಡ್ಡಿ ಎತ್ತಿಕೊಡುತ್ತಿದ್ದ.

ಹೊಸ ಕಡ್ಡಿಗಳು ಮೊದಲ ಓಟದಲ್ಲಿ ಸ್ವಲ್ಪ ಸಡಿಲವಾಗುವುದುಂಟು. ಮತ್ತೊಮ್ಮೆ ಬಿಗಿಸಲೇಬೇಕು ಎಂದು ಮೇಸ್ತ್ರಿಯ ಕಟ್ಟಪ್ಪಣೆ. ಅದರಂತೆ ಮರುದಿನ ಮಗ ಶ್ರೀಪೆರುಂಬುದೂರಿನವರೆಗೆ ಹೋಗಿಬಂದ. ಅವನ ತಾಯಿ ಬಾಗಿಲಲ್ಲೇ ಕಾದಿದ್ದಳು. ಗಾಡಿ ನಿಲ್ಲಿಸಿದ ಕೂಡಲೇ ಅವನು ಬಗ್ಗಿ, ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ ನೋಡತೊಡಗಿದ.