ಅರ್ಜಿಯೊಳಗಿನ ‘ಓನ್ಲಿ’

1978ರಲ್ಲಿ ನಮ್ಮೂರ ಶಾಲೆಯ ಕನ್ನಡ ಮೇಷ್ಟ್ರು ನಿವೃತ್ತರಾದರು. ನಮ್ಮೂರು ತಳಿಯಿಂದ ಒಳಕ್ಕೆ, ರಾಗಿ ಹೊಲಗಳ ನಡುವೆ ಇದೆ. ಆಗ ನಾವು ಧರ್ಮಪುರಿ ಜಿಲ್ಲೆಯವರು. ಕೃಷ್ಣಗಿರಿ ಬೇರೆ ಜಿಲ್ಲೆಯಾದದ್ದು 2004ರಲ್ಲಿ. ಮೇಷ್ಟ್ರು ಹೋದ ಮೇಲೆ ಆರು ತಿಂಗಳು ಕನ್ನಡ ತರಗತಿಯ ಬಾಗಿಲು ತೆರೆಯಲಿಲ್ಲ. ಹಿರಿಯರು ಅರಳಿಕಟ್ಟೆಯಲ್ಲಿ ಕೂತು ಅರ್ಜಿ ಕೊಡುವುದೆಂದು ತೀರ್ಮಾನಿಸಿದರು. ಯಾವ ಭಾಷೆಯಲ್ಲಿ? ಕನ್ನಡದಲ್ಲಿ ಬರೆದರೆ ಕಚೇರಿಯಲ್ಲಿ ಓದುವವರಿಲ್ಲ. ತಮಿಳಿನಲ್ಲಿ ಬರೆದರೆ ‘ಇಷ್ಟು ಚೆನ್ನಾಗಿ ತಮಿಳು ಬರುತ್ತಲ್ಲ, ಇನ್ನೇನು?’ ಅಂದಾರು. “ಇಂಗ್ಲೀಷಲ್ಲೇ ಬರಿಯಪ್ಪ, ಅದು ಯಾರಪ್ಪಂದೂ ಅಲ್ಲ” ಎಂದರು ನಮ್ಮ ದೊಡ್ಡಪ್ಪ. ಪಿಯುಸಿ ಮುಗಿಸಿ ಊರಲ್ಲಿದ್ದವನು ನಾನೊಬ್ಬನೇ.

ಎರಡು ರಾತ್ರಿ ಲಾಂದ್ರದ ಬೆಳಕಿನಲ್ಲಿ ಕೂತು ಬರೆದೆ. ಅರ್ಜಿಯ ಜೀವಾಳ ಒಂದೇ ವಾಕ್ಯ. ಕನ್ನಡವೇ ನಮ್ಮ ತಾಯಿನುಡಿ ಎಂದು ಹೇಳಬೇಕಿತ್ತು. ಬರೆದದ್ದು: ‘ಕನ್ನಡ ಈಸ್ ಓನ್ಲಿ ಅವರ್ ಮದರ್ ಟಂಗ್.’

ದೊಡ್ಡಪ್ಪನೂ ನಾನೂ ಬಸ್ಸು ಹತ್ತಿ ಕಚೇರಿಗೆ ಹೋದೆವು. ಅಲ್ಲಿದ್ದವರು ಸಾವಧಾನವಾಗಿ ಓದಿದರು. ಕೆಟ್ಟ ಮನುಷ್ಯರೇನಲ್ಲ, ನಮಗೆ ಕುರ್ಚಿ ತೋರಿಸಿದ್ದರು. ಆ ವಾಕ್ಯದ ಮೇಲೆ ಬೆರಳಿಟ್ಟು, “ತಾಯ್ಮೊಳಿ ಮಟ್ಟುಂದಾನೇ? ವೀಟ್ಲ ಪೇಸಿಕ್ಕೋಂಗ” ಎಂದರು. ಬರೀ ತಾಯಿನುಡಿ ತಾನೇ, ಮನೆಯಲ್ಲಿ ಮಾತಾಡಿಕೊಳ್ಳಿ ಎಂದರ್ಥ. ದೊಡ್ಡಪ್ಪ ನನ್ನ ಮುಖ ನೋಡಿದರು. ನಾನು ಬರೆದದ್ದೊಂದು, ಅವರು ಓದಿದ್ದೊಂದು ಎಂಬುದು ನನಗೆ ತಿಳಿಯಿತು. ಎಲ್ಲಿ ತಪ್ಪಿತು ಎಂಬುದು ತಿಳಿಯಲಿಲ್ಲ.

ತಿಳಿಸಿದವರು ಹೊಸೂರಿನಲ್ಲಿದ್ದ ಒಬ್ಬ ನಿವೃತ್ತ ಇಂಗ್ಲೀಷ್ ಮೇಷ್ಟ್ರು. ಅವರ ಮೇಜಿನ ಮೇಲೆ ರಟ್ಟು ಕಿತ್ತ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಸದಾ ಇರುತ್ತಿತ್ತು. ಅವರು ನನ್ನ ವಾಕ್ಯವನ್ನು ಬಿಟ್ಟು ಬೇರೆ ಎರಡು ಬರೆದು ತೋರಿಸಿದರು. ‘ಓನ್ಲಿ ಮೈ ಬ್ರದರ್ ಕೇಮ್’ ಎಂದರೆ ನನ್ನ ತಮ್ಮ ಮಾತ್ರ ಬಂದ, ಬೇರೆ ಯಾರೂ ಬರಲಿಲ್ಲ. ‘ಮೈ ಓನ್ಲಿ ಬ್ರದರ್ ಕೇಮ್’ ಎಂದರೆ ನನಗಿರುವ ಒಬ್ಬನೇ ತಮ್ಮ ಬಂದ. ಷಷ್ಠಿಯ ಪದ ಒಂದು ಹೊಸಿಲಿದ್ದಂತೆ ಎಂದರು. ಅದರ ಒಳಗೆ ಬಂದರೆ ಓನ್ಲಿ ನಾಮಪದಕ್ಕೆ ವಿಶೇಷಣವಾಗುತ್ತದೆ. ಹೊಸಿಲ ಹೊರಗೆ, ಅಂದರೆ ‘ಮೈ’, ‘ಅವರ್’ಗಳಿಗೆ ಮುಂಚೆ ನಿಂತರೆ ಅವ್ಯಯವಾಗಿ ಇಡೀ ಪದಗುಚ್ಛದ ಮೇಲೆ ಕೈಯಿಡುತ್ತದೆ. ನನ್ನ ಓನ್ಲಿ ಹೊರಗೆ ನಿಂತು ‘ಅವರ್ ಮದರ್ ಟಂಗ್’ ಅನ್ನೇ ಹಿಡಿದಿತ್ತು, ‘ಕನ್ನಡ’ವನ್ನಲ್ಲ. ಆದ್ದರಿಂದ ‘ತಾಯಿನುಡಿ, ಅಷ್ಟೇ’ ಎಂದಾಯಿತು. ‘ಕನ್ನಡ ಅಲೋನ್ ಈಸ್ ಅವರ್ ಮದರ್ ಟಂಗ್’ ಎಂದು ಬರೆಯಬೇಕಿತ್ತಂತೆ. (ಓನ್ಲಿಯ ಜಾಗದ ವಿಷಯದಲ್ಲಿ ತೀರ ಮಡಿವಂತಿಕೆ ಬೇಡವೆಂದು ಇಂಗ್ಲೀಷರ ಫೌಲರ್ 1926ರಲ್ಲೇ ವಾದಿಸಿದ್ದಾನೆ ಎಂದು ಆಮೇಲೆ ಗೊತ್ತಾಯಿತು. ಅರ್ಥ ಕೆಡದಿದ್ದರೆ ಸರಿ, ಎನ್ನುತ್ತಾನೆ. ನನ್ನದು ಕೆಟ್ಟಿತ್ತು.)

ನಮ್ಮ ಭಾಷೆಗಳವರಿಗೆ ಈ ತಪ್ಪು ಸಹಜ. ಕನ್ನಡದಲ್ಲಿ ಒತ್ತು ಪದದ ಬಾಲಕ್ಕೇ ಅಂಟಿಕೊಳ್ಳುತ್ತದೆ. ಶಾಲೆಯ ವ್ಯಾಕರಣದಲ್ಲಿ ಅವಧಾರಣಾರ್ಥಕ ಅವ್ಯಯ ಎಂದು ಬಾಯಿಪಾಠ ಮಾಡಿದ ‘ಏ’ ಅದು. ‘ಕನ್ನಡವೇ ನಮ್ಮ ಭಾಷೆ’, ‘ಕನ್ನಡ ನಮ್ಮದೇ ಭಾಷೆ’, ‘ಕನ್ನಡ ನಮ್ಮ ಭಾಷೆಯೇ’. ಮೂರರಲ್ಲೂ ಏಕಾರ ಎಲ್ಲಿ ಕೂತಿದೆಯೋ ಅರ್ಥ ಅಲ್ಲಿದೆ, ಕೇಳುವವನಿಗೆ ಅನುಮಾನವಿಲ್ಲ. ತಮಿಳಿನ ‘ತಾನ್’, ನಿಮ್ಮ ಕಡೆಯ ಮಲಯಾಳದ ‘ತನ್ನೆ’ ಕೂಡ ಪದದ ಹಿಂದೆಯೇ ಬರುತ್ತವೆ. ಕಾಸರಗೋಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಗ್ಲೀಷಿನಲ್ಲಿ ಬಾಲವಿಲ್ಲ, ಸ್ಥಾನವೇ ಎಲ್ಲ. ನಮ್ಮವರು ಆ ಬಾಲವನ್ನು ಬಿಡಲಾರದೆ ‘ಕನ್ನಡ ಈಸ್ ಅವರ್ ಮದರ್ ಟಂಗ್ ಓನ್ಲಿ’ ಎನ್ನುತ್ತಾರೆ. ಪಟ್ಟಣದವರು ನಗುತ್ತಾರೆ. ಆದರೆ ಅಂದು ಅರ್ಜಿಯಲ್ಲಿ ಹಾಗೆ ಬರೆದಿದ್ದರೇ ಅವರಿಗೆ ನನ್ನ ಮಾತು ಅರ್ಥವಾಗುತ್ತಿತ್ತೇನೋ.

ತಿದ್ದಿದ ಅರ್ಜಿ ಹೋಯಿತು. ಹೊಸ ಮೇಷ್ಟ್ರು ಬಂದದ್ದು ಎರಡು ವರ್ಷ ಕಳೆದು. ತಡವಾದದ್ದಕ್ಕೆಲ್ಲ ಒಂದು ಓನ್ಲಿ ಕಾರಣವೆಂದು ಹೇಳುವಷ್ಟು ಹುಂಬ ನಾನಲ್ಲ. ಅಷ್ಟರಲ್ಲಿ ಮೂರನೇ ಕ್ಲಾಸಿನಲ್ಲಿದ್ದ ನನ್ನ ತಂಗಿಯನ್ನು ಅಪ್ಪ ತಮಿಳು ತರಗತಿಗೆ ಹಾಕಿದ್ದರು. ಅವಳು ಮದುವೆಯಾಗಿ ಕೃಷ್ಣಗಿರಿಗೆ ಹೋದ ಮೇಲೆ ನನಗೆ ಬರೆದ ಕಾಗದಗಳೆಲ್ಲ ತಮಿಳು ಲಿಪಿಯ ಕನ್ನಡ. ಆ ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ; ‘ಗಂಡ’ನೂ ‘ಕಂಡ’ನೂ ನೋಡಲು ಒಂದೇ. ನಾನು ಜೋರಾಗಿ ಓದಿ ಓದಿ ಅರ್ಥ ಮಾಡಿಕೊಳ್ಳುತ್ತಿದ್ದೆ. “ಅಣ್ಣ, ನಿನ್ನ ಇಂಗ್ಲೀಷಿಂದ ನಂಗೆ ಈ ಗತಿ” ಎಂದು ಅವಳು ಈಗಲೂ ನಗುತ್ತಾಳೆ. ನನಗೆ ನಗು ಬರುವುದಿಲ್ಲ.

ಹಾಗೆಂದು ಅಂಥ ಅವ್ಯಯಗಳೆಲ್ಲ ಷಷ್ಠಿಯ ಮುಂಚೆ ನಿಂತು ಕೇಡು ಮಾಡುತ್ತವೆ ಎಂದಲ್ಲ. 2006ರ ತಮಿಳು ಕಲಿಕೆಯ ಕಾಯಿದೆ ಒಂದನೇ ತರಗತಿಯಿಂದ ವರ್ಷಕ್ಕೊಂದು ಮೆಟ್ಟಿಲೇರಿ 2015-16ರಲ್ಲಿ ಹತ್ತನೆಯದಕ್ಕೆ ಬಂದಾಗ ಮತ್ತೆ ಅರ್ಜಿಗಳ ಕಾಲ ಬಂತು. ಹುಡುಗರು ಕರಡು ತಂದು ತೋರಿಸಿದರು. ‘ತಮಿಳ್ ಈಸ್ ಆಲ್ಸೊ ಅವರ್ ಲ್ಯಾಂಗ್ವೇಜ್’ ಎಂದಿತ್ತು. ‘ಅವರ್’ಗೆ ಮುಂಚೆ ನಿಂತ ಆ ಆಲ್ಸೊವನ್ನು ಎರಡು ಬಗೆಯಲ್ಲಿ ಓದಬಹುದು. ಕನ್ನಡದ ಜೊತೆಗೆ ತಮಿಳೂ ನಮ್ಮ ಭಾಷೆ. ತಮಿಳರದಾದ ತಮಿಳು ನಮ್ಮದೂ ಹೌದು. “ಜಾಗ ಬದಲಾಯಿಸೋಣವಾ ಸಾರ್?” ಎಂದರು. ಬೇಡವೆಂದೆ. ಎರಡೂ ನಿಜ, ಹೇಗಾದರೂ ಓದಿಕೊಳ್ಳಲಿ. 1956ರಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು, ಹೊಸೂರು ಇಲ್ಲೇ ಉಳಿಯಿತು. ಸಂತೆಯಲ್ಲಿ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಚೌಕಾಸಿ ಮಾಡಿ ಬೆಳೆದವರು ನಾವು.

ಈಚೆಗೆ ಮೊಮ್ಮಗಳು ಶಾಲೆಯ ನೋಟ್‌ಬುಕ್ ಹಿಡಿದು ಬಂದಳು. ಹೊಸೂರಿನ ಇಂಗ್ಲೀಷ್ ಮಾಧ್ಯಮದಲ್ಲಿ ಏಳನೇ ಕ್ಲಾಸು. ಮನೆಯ ಭಾಷೆಗಳ ಬಗ್ಗೆ ಹತ್ತು ಸಾಲು ಬರೆಯಬೇಕಿತ್ತಂತೆ. “ತಾತ, ತಪ್ಪಿದ್ಯಾ ನೋಡಿ” ಎಂದಳು. ಕನ್ನಡಕ ಹಾಕಿಕೊಂಡು ಓದಿದೆ. ಆರನೆಯ ಸಾಲು: ‘ಕನ್ನಡ ಈಸ್ ಓನ್ಲಿ ಮೈ ಗ್ರ್ಯಾಂಡ್‌ಫಾದರ್ಸ್ ಲ್ಯಾಂಗ್ವೇಜ್.’

ನನ್ನ ಹಳೆಯ ತಪ್ಪು ರಕ್ತದಲ್ಲೇ ಇಳಿದು ಬಂದಿದೆ ಎನ್ನಿಸಿ ನಗು ಬಂತು. “ನಿಮ್ಮ ತಾತನ ಭಾಷೆ ಕನ್ನಡವೇ ಅಂತ ತಾನೆ ನೀನು ಹೇಳೋಕೆ ಹೊರಟಿದ್ದು? ಓನ್ಲಿ ಜಾಗ ತಪ್ಪಿದೆ ಪುಟ್ಟಿ” ಎಂದು ಪೆನ್ಸಿಲ್ ತೆಗೆದುಕೊಂಡೆ.

“ಅಲ್ಲ ತಾತ. ಮನೇಲಿ ಕನ್ನಡ ಓದೋದು ಬರೆಯೋದು ನೀವೊಬ್ರೇ ಅಲ್ವಾ? ಅಪ್ಪಂಗೂ ಬರಲ್ಲ, ನಂಗೂ ಬರಲ್ಲ. ಅದಕ್ಕೆ ತಾತಂದು ಮಾತ್ರ ಅಂತ ಬರೆದೆ.”

ಓನ್ಲಿ ಸರಿಯಾದ ಜಾಗದಲ್ಲೇ ಇತ್ತು. ಪೆನ್ಸಿಲ್ ಕೆಳಗಿಟ್ಟೆ.

“ಮಿಸ್ ತಪ್ಪು ಹಾಕ್ತಾರಾ ತಾತ?”

“ಇಲ್ಲಮ್ಮ, ಹಾಕಲ್ಲ” ಎಂದೆ.