ತೂಕದ ಮಾತು

ಸಿನಿಮಾದಲ್ಲಿ ಯಾರಾದರೂ ಚಿನ್ನದ ಗಟ್ಟಿ ಎತ್ತಿದರೆ ನನಗೆ ಅವರ ಸೊಂಟದ ಚಿಂತೆ ಹತ್ತುತ್ತದೆ. ಮನೆ ಕಟ್ಟುವ ಇಟ್ಟಿಗೆಯಷ್ಟು ದಪ್ಪದ ಚಿನ್ನ ಸುಮಾರು 34 ಕಿಲೋ ತೂಗುತ್ತದೆ, 25 ಕಿಲೋ ಅಕ್ಕಿ ಮೂಟೆಗಿಂತಲೂ ಭಾರ. ನಮ್ಮ ನಾಯಕರೋ ಅಂಥವನ್ನು ಎರಡು ಕೈಗೂ ಒಂದೊಂದು ಹಿಡಿದು, ಇನ್ನೊಂದನ್ನು ಗೆಳೆಯನತ್ತ ಎಸೆದೂ ಬಿಡುತ್ತಾರೆ. ಅವನು ನಗುನಗುತ್ತ ಹಿಡಿಯುತ್ತಾನೆ. ಮರಕ್ಕೋ ಥರ್ಮೋಕೋಲಿಗೋ ಬಂಗಾರದ ಬಣ್ಣ ಬಳಿದದ್ದು ಎಂಬುದನ್ನು ಬೇರೆ ಊರಿನವರು ಆ ಹೊತ್ತಿಗೆ ಮರೆಯಬಹುದು. ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಕೋರಮಂಡಲ, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಸ್ಟೇಷನ್ನುಗಳಲ್ಲಿ ಇಳಿದು ಮನೆಗೆ ಹೋಗುವವರು ಅಷ್ಟು ಸುಲಭಕ್ಕೆ ಮರೆಯುವುದಿಲ್ಲ.

ಇಲ್ಲಿನ ಕೋಲಾರ ಚಿನ್ನದ ಗಣಿಯಲ್ಲಿ (ಕೆಜಿಎಫ್) ದುಡಿದಿದ್ದ ಹಿರಿಯರೊಬ್ಬರ ಪಕ್ಕ ಕೂತು ಒಮ್ಮೆ ಟಿವಿಯಲ್ಲಿ ಅಂಥದೊಂದು ಸಾಹಸ ಚಿತ್ರ ನೋಡುತ್ತಿದ್ದೆ. ಗಟ್ಟಿ ಹಾರಿತು. “ಕಾಲ್ ಮೇಲೆ ಬಿದ್ರೆ ಬೆರಳು ಹೋಯ್ತಲ್ಲಪ್ಪಾ” ಎಂದರು. ಗಟ್ಟಿ ಎತ್ತಿ ನೋಡಿದ್ದೀರಾ ಎಂದು ಕೇಳಿದೆ. “ನಾವೆಲ್ಲಿ ಎತ್ತೋದು? ನಾವು ಎತ್ತಿದ್ದು ಕಲ್ಲು.” ಗಣಿಯ ಕೊನೆಗಾಲದಲ್ಲಿ ಒಂದು ಟನ್ ಅದಿರು ಮೇಲೆ ತಂದರೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ ಚಿನ್ನ. ಹಾಗಾಗಿ ಈ ಊರಿನವರಿಗೆ ತೂಕ ಗೊತ್ತು, ಹೊಳಪು ಅಷ್ಟಾಗಿ ಗೊತ್ತಿಲ್ಲ. ಸಿನಿಮಾದವರಿಗೆ ಹೊಳಪು ಗೊತ್ತು, ತೂಕ ಗೊತ್ತಿಲ್ಲ.

ಶೂಟಿಂಗ್ ಸಾಮಾನಿಗೆ ನಮ್ಮ ಸಿನಿಮಾದವರು ಒಟ್ಟಾರೆ ಪ್ರಾಪರ್ಟಿ ಎನ್ನುತ್ತಾರೆ. ನಟ ಕೈಯಲ್ಲಿ ಹಿಡಿಯುವಂಥದ್ದು, ಸೆಟ್ ತುಂಬಲು ಇಡುವಂಥದ್ದು, ಹೊಡೆದಾಟದ್ದು, ಒಡೆದು ಹಾಕುವಂಥದ್ದು, ತಿಂದು ಮುಗಿಸುವಂಥದ್ದು ಎಂದೆಲ್ಲ ಅದರಲ್ಲಿ ಬಗೆಗಳಿವೆ. ಒಂದೇ ವಸ್ತುವಿಗೆ ಹಲವು ಜನ್ಮಗಳೂ ಉಂಟು. ಗಣಿಯ ಕಥೆಯಾದರೆ ಒಂದು ಸಮ್ಮಟಿಗೆ ಬೇಕೇ ಬೇಕು. ಕ್ಯಾಮೆರಾ ಹತ್ತಿರ ಬಂದಾಗ ನಿಜವಾದ ಕಬ್ಬಿಣದ್ದು, ಹೊಡೆದಾಟಕ್ಕೆ ರಬ್ಬರಿನದು, ದೂರದಲ್ಲಿ ನಿಂತ ಇನ್ನೂರು ಮಂದಿಗೆ ಹಗುರ ಮರದ್ದು. ಮಾಡಿಕೊಟ್ಟವನ ಕೆಲಸ ಅಲ್ಲಿಗೆ ಮುಗಿಯಿತು. ಮೂರನ್ನೂ ಒಂದೇ ಭಾರದಲ್ಲಿ ಎತ್ತುವುದು ನಟನ ಹೆಗಲಿನ ಕೆಲಸ. ಅಲ್ಲೇ ಎಡವಟ್ಟಾಗುವುದು.

ಈ ವಿಷಯದಲ್ಲಿ ಹಳ್ಳಿಯ ಕುರುಕ್ಷೇತ್ರ ನಾಟಕದ ಭೀಮನಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಕೋಲಾರ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ನಡೆಯುವ ಆ ನಾಟಕಗಳಿಗೆ ಕಿರೀಟ, ಭುಜಕೀರ್ತಿ, ಗದೆ ಎಲ್ಲ ಬಾಡಿಗೆಗೆ ಬರುತ್ತವೆ. ಗದೆಯೆಂದರೆ ಒಳಗೆ ಟೊಳ್ಳು, ಹೊರಗೆ ಮಿಂಚಿನ ಕಾಗದ. ಮಧ್ಯಾಹ್ನ ಮಕ್ಕಳು ಅದನ್ನು ಒಂದೇ ಕೈಯಲ್ಲಿ ತಿರುಗಿಸಿ ಆಡಿರುತ್ತಾರೆ. ರಾತ್ರಿ ಅದೇ ಗದೆಯನ್ನು ಭೀಮ ಹೊತ್ತು ಬರುವಾಗ ಹಲಗೆ ಕಿರುಗುಟ್ಟುತ್ತದೆ, ಅವನ ಎಡ ಭುಜ ಮೇಲಾಗಿ ಬಲ ಭುಜ ಇಳಿಯುತ್ತದೆ, ಕೆಳಗಿಟ್ಟ ಮೇಲೆ ಒಂದು ಗಳಿಗೆ ಉಸಿರು ಬಿಟ್ಟೇ ಕಂದಪದ್ಯಕ್ಕೆ ಬಾಯಿ ತೆರೆಯುತ್ತಾನೆ. ಹಗಲು ಹೊಲದಲ್ಲಿ ಗೊಬ್ಬರದ ಕುಕ್ಕೆ ಹೊತ್ತ ಮೈಗೆ ಭಾರವನ್ನು ಯಾರೂ ಕಲಿಸಬೇಕಾಗಿಲ್ಲ. ಗುಬ್ಬಿ ವೀರಣ್ಣನವರ ಕಂಪನಿ ತನ್ನ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆಗಳನ್ನೇ ರಂಗಕ್ಕೆ ತಂದಿತ್ತು. ಅದು ದೊಡ್ಡ ಸಾಹಸ, ಒಪ್ಪೋಣ. ಆದರೆ ಟೊಳ್ಳು ಗದೆಗೆ ತೂಕ ಬರಿಸುವುದು ಅದಕ್ಕಿಂತ ದೊಡ್ಡ ವಿದ್ಯೆಯೆಂದೇ ನನ್ನ ಎಣಿಕೆ.

ತೂಕವೇ ಬೇಡದ ಪ್ರಾಪರ್ಟಿಯೂ ಇದೆ. ರಾಮನಗರದ ಬಂಡೆಗಳ ನಡುವೆ ತೆಗೆದ 1975ರ ‘ಶೋಲೆ’ಯಲ್ಲಿ ಒಂದು ನಾಣ್ಯ, ಎರಡೂ ಕಡೆ ಒಂದೇ ಮುಖ. ಅಷ್ಟು ದೊಡ್ಡ ಚಿತ್ರದ ದುಃಖವನ್ನೆಲ್ಲ ಅದು ಹೊತ್ತಿತು. ‘ಕೆಜಿಎಫ್’ ಚಿತ್ರದಲ್ಲಿ ಆ ಪಾಲು ಒಂದು ಪುಸ್ತಕದ್ದು. ಅನಂತನಾಗ್ ಪಾತ್ರ ಬರೆದ ‘ಎಲ್ ಡೊರಾಡೊ’, ಸರ್ಕಾರ ಸುಟ್ಟುಹಾಕಿ ಒಂದೇ ಪ್ರತಿ ಉಳಿದ ಪುಸ್ತಕ. ಇಂಥ ಪುಸ್ತಕಕ್ಕೆ ರಟ್ಟು, ಕ್ಯಾಮೆರಾಕ್ಕೆ ಕಾಣುವ ನಾಲ್ಕು ಹಾಳೆ ಇದ್ದರೆ ಸಾಕು, ಉಳಿದದ್ದು ಖಾಲಿ ಕಾಗದವಾದರೂ ನಡೆಯುತ್ತದೆ. ಅದೇ ಕಥೆಯ ಎರಡನೆಯ ಭಾಗದಲ್ಲಿ ಬರುವ ಬಂದೂಕಿಗೆ ‘ದೊಡ್ಡಮ್ಮ’ ಎಂದು ಹೆಸರಿಟ್ಟರು. ಒಳ್ಳೆ ಉಪಾಯ. ಹೆಸರು ಕೇಳಿದೊಡನೆ ಅರ್ಧ ಭಾರ ಪ್ರೇಕ್ಷಕನೇ ಹೊತ್ತುಕೊಳ್ಳುತ್ತಾನೆ.

ತಿನ್ನುವ ಪ್ರಾಪರ್ಟಿ ಎಂದರೆ ಬಂಗಾರಪೇಟೆಯ ಪಾನಿಪುರಿ ನೆನಪಾಗದೆ ಇರುತ್ತದೆಯೇ? ಅದರ ನೀರು ಕುಡಿಯುವ ನೀರಿನಷ್ಟೇ ತಿಳಿ. ಬಾಯಿಗೆ ಹೋದ ಮೇಲೆಯೇ ಅದರ ಖಾರ ಗೊತ್ತಾಗುವುದು. ಇದನ್ನು ಶೂಟಿಂಗಿಗೆ ಇಟ್ಟರೆ ಬರೀ ನೀರು ಇಟ್ಟಿದ್ದೀರಿ ಎಂದು ನಿರ್ದೇಶಕ ರೇಗಿ, ಹಸಿರು ಬಣ್ಣ ಬೆರೆಸಲು ಹೇಳುತ್ತಾನೆ. ಸಾಲದ್ದಕ್ಕೆ ಎರಡನೆಯ ಟೇಕ್ ಹೊತ್ತಿಗೆ ಪುರಿ ಮೆತ್ತಗಾಗಿ ಕಂಟಿನ್ಯುಯಿಟಿ ನೋಡುವ ಹುಡುಗ ತಲೆ ಚಚ್ಚಿಕೊಳ್ಳುತ್ತಾನೆ. ಧಾರಾವಾಹಿಯವರು ಈ ರಗಳೆಯೇ ಬೇಡವೆಂದು ಖಾಲಿ ಲೋಟ ಕೊಡುತ್ತಾರೆ. ಅತ್ತೆ ಕಾಫಿ ಲೋಟವನ್ನು ಹೇಗೆ ಬೀಸುತ್ತ ಬರುತ್ತಾಳೆಂದರೆ, ಒಳಗೆ ಹನಿ ಇದ್ದರೂ ಸೊಸೆಯ ಸೀರೆ ಉಳಿಯುತ್ತಿರಲಿಲ್ಲ.

ಒಡೆಯುವ ಸಾಮಾನಿನ ಜಾತಿಯೇ ಬೇರೆ. ಅಲ್ಲಿ ಹಗುರವೇ ಗುಣ. ತಲೆಗೆ ಒಡೆಯುವ ಬಾಟಲಿಯನ್ನು ಹಿಂದೆ ಸಕ್ಕರೆ ಪಾಕದಲ್ಲಿ ಎರಕ ಹೊಯ್ಯುತ್ತಿದ್ದರು, ಈಗ ರಾಳ ಬಂದಿದೆ. ಹಾಲಿವುಡ್ಡಿನ 1941ರ ‘ಸಿಟಿಜನ್ ಕೇನ್’ ಕೊನೆಯಲ್ಲಿ ಉರಿಯುವ ಮಂಜಿನ ಬಂಡಿಗೆ ಬಾಲ್ಸಾ ಎಂಬ ತೀರಾ ಹಗುರ ಮರವನ್ನೇ ಆರಿಸಿದ್ದರು. ಬೆಂಕಿಗೆ ಬೇಗ ಸೋಲಬೇಕಲ್ಲ.

ಇಷ್ಟೆಲ್ಲ ಹಗುರದ ನಡುವೆ ‘ಕೆಜಿಎಫ್’ ತಂಡಕ್ಕೆ ಇಲ್ಲಿ ಸಿಕ್ಕ ಒಂದೇ ಒಂದು ನಿಜವಾದ ಭಾರವೆಂದರೆ ಸೈನೈಡ್ ದಿಬ್ಬ. ಕಲ್ಲನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಮರಳನ್ನು ಸುರಿದು ಸುರಿದು ಆದ ಗುಡ್ಡಗಳವು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕೈಹಾಕಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಷ್ಟು ಕಾಲದಲ್ಲಿ ಹೊರಗೆ ಹೋದ ಚಿನ್ನ ಸುಮಾರು 800 ಟನ್, ಊರಿಗೆ ಉಳಿದ ಮರಳು ಮೂರು ಕೋಟಿ ಟನ್ನಿಗೂ ಮಿಕ್ಕಿ. ಗಾಳಿ ಎದ್ದರೆ ಆ ಧೂಳು ಈಗಲೂ ಮನೆಯೊಳಗೆ ಬರುತ್ತದೆ. 2018ರಲ್ಲಿ ತೆರೆಗೆ ಬಂದ ಮೊದಲ ಭಾಗದಲ್ಲಿ ಆ ದಿಬ್ಬಗಳೆದುರು ಕೂಲಿಗಳು ಹೆಜ್ಜೆ ಹಾಕುವ ದೃಶ್ಯಗಳು ನನಗೆ ನಾಯಕನ ಎಲ್ಲ ಹೊಡೆದಾಟಕ್ಕಿಂತ ನಂಬಿಕೆಯವಾಗಿ ಕಂಡವು. 2024ರ ‘ತಂಗಲಾನ್’ ತಂಡವೂ ಈ ನೆಲಕ್ಕೆ ಬಂದು ಹೋಯಿತು. ಇಂಥ ದಿಬ್ಬವನ್ನು ಯಾವ ಸ್ಟುಡಿಯೋದಲ್ಲೂ ಮಾಡಿಸಲಾಗದು.

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಬೆಂಗಳೂರು ರೈಲಿಗೆ ನಸುಕಿನಲ್ಲಿ ನೂಕಾಡಿ ಹತ್ತುವವರನ್ನು ನೋಡಿ: ಬುತ್ತಿ ಚೀಲ ಹಿಡಿದ ತೋಳೂ ಒಂದಿಷ್ಟು ಜಗ್ಗಿರುತ್ತದೆ. ಸಿನಿಮಾದಲ್ಲಿ ಮನೆ ಬಿಟ್ಟು ಹೊರಟ ನಾಯಕಿಯ ಸೂಟ್‌ಕೇಸು ಮಾತ್ರ ಅವಳಿಗಿಂತ ಮುಂದೆ ಓಡುತ್ತದೆ. ಪ್ರಾಪರ್ಟಿ ವಿಭಾಗದ ಅಣ್ಣಂದಿರೇ, ಚಿನ್ನವನ್ನು ಥರ್ಮೋಕೋಲಿನಲ್ಲೇ ಮಾಡಿ, ಬೇಡ ಎನ್ನುವುದಿಲ್ಲ. ಆ ಹೆಣ್ಣುಮಗಳ ಸೂಟ್‌ಕೇಸಿನಲ್ಲಿ ನಾಲ್ಕು ಕಿಲೋ ಮರಳಾದರೂ ಹಾಕಿ ಕಳಿಸಿ.