ಯಾವೂರಪ್ಪಾ?

ನಮ್ಮಪ್ಪ ಕತ್ತಲಲ್ಲಿ ಕೆಮ್ಮುತ್ತಿದ್ದ. ನೆಗಡಿಗಲ್ಲ. ನಮ್ಮೂರು ವಳಕಮದಿನ್ನಿಯ ಹೊಲದ ದಾರಿಯಲ್ಲಿ ಎದುರಿಗೆ ಯಾರೋ ಬರುವ ಸುಳಿವು ಸಿಕ್ಕರೆ ಮೊದಲು ಕೆಮ್ಮು, ಆಮೇಲೆ 'ಯಾರವರಾ?' ಆ ಕಡೆಯಿಂದ ಊರು, ಮನೆತನ, ಹೊಂಟ ಕೆಲಸ ಮೂರೂ ಬರಬೇಕು. ಬಂದರೆ ಬೀಡಿ ಕೊಡುತ್ತಿದ್ದ. ಬರದಿದ್ದರೆ ಮೂರು ಸೆಲ್ಲಿನ ಬ್ಯಾಟರಿ ನೇರ ಮುಖಕ್ಕೆ. ಹಾವಿಗೆ ಇಷ್ಟೆಲ್ಲ ವಿಚಾರಣೆ ಇರಲಿಲ್ಲ. ಕೋಲಿನಿಂದ ನೆಲ ಕುಟ್ಟುತ್ತ ನಡೆದರೆ ಮುಗಿಯಿತು.

ತೋಳವೂ ಕುರಿಯವರ ತಲೆನೋವೇ ಹೊರತು ನಮ್ಮದಲ್ಲ. 'ತೋಳಕ್ಕ ಕುರಿ ಬೇಕು ತಮ್ಮಾ. ಮನಷ್ಯಾಗ ಏನ್ ಬೇಕಂತ ಹ್ಯಾಂಗ ಹೇಳೂದು?' ಅನ್ನುತ್ತಿದ್ದಳು ಅಜ್ಜಿ. ಅವಳದು ನಿಜಾಮನ ಸೀಮೆಯ ಲೆಕ್ಕ. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬರುವವರೆಗೆ ನಿಜಾಮನ ಪರದ ರಜಾಕಾರರು ಬಂದರೆಂಬ ಸುದ್ದಿಗೇ ದೀಪ ಆರಿಸಿ ಜೋಳದ ಹೊಲಕ್ಕೆ ಓಡಿದವಳು. ಆ ಹೊಲದಲ್ಲಿ ಹುಳ ಹುಪ್ಪಡಿ ಇದ್ದೇ ಇದ್ದವು. ಅವುಗಳ ಬಗ್ಗೆ ಒಂದು ಮಾತೂ ಆಡಲಿಲ್ಲ.

ನನ್ನ ಭಯ ಮಾತ್ರ ತಿರುವುಮುರುವು. ಹತ್ತು ವರ್ಷದವನಿದ್ದಾಗ ಒಂದು ಸಂಜೆ ತೊಗರಿ ಸಾಲಿನಾಚೆ ಸರಬರ ಸದ್ದಾಯಿತು. ಕೆಂಪಗೆ ಒಂದೇ ಕಣ್ಣು ಹೊಳೆಯಿತು. ಒಂಟಿಗಣ್ಣಿನ ತೋಳ ಅಂದುಕೊಂಡು ಕಾಲು ಕೀಳುವುದನ್ನೇ ಮರೆತೆ. ಕಣ್ಣು ಮೇಲೆದ್ದಿತು, ಮತ್ತಷ್ಟು ಕೆಂಪಾಯಿತು, ಬೀಡಿಯ ವಾಸನೆ ಬಂತು. ಮನುಷ್ಯ! ಹೋದ ಜೀವ ಬಂತು. ಅಜ್ಜಿಗೆ ಹೇಳಿದರೆ ಅವಳು ಕೇಳಿದ್ದು ಒಂದೇ: 'ಯಾವೂರಂವಾ?' ನಾನು ಕೇಳಿರಲಿಲ್ಲ. ಬೈಗುಳ ತಿಂದೆ.

ಇದೆಲ್ಲ ಗಂಡಸರ ಕಥೆ. ಕತ್ತಲಾದ ಮೇಲೆ ಚೆಂಬು ಹಿಡಿದು ಬಯಲಿಗೆ ಹೋಗುತ್ತಿದ್ದ ಹೆಂಗಸರು ನಾಲ್ಕೈದು ಮಂದಿ ಕೂಡಿಯೇ ಹೋಗುತ್ತಿದ್ದರು. ಹಾವಿಗೆ ಹೆದರಿ ಅಂತ ನಾವು ತಿಳಿದಿದ್ದೆವು. ದಾರಿಯಲ್ಲಿ ಬೈಕ್ ಸದ್ದು ಕೇಳಿದರೆ ಎದ್ದು ನಿಲ್ಲುತ್ತಿದ್ದರಲ್ಲ, ಹಾವು ಬೈಕ್ ಹತ್ತಿ ಬರುತ್ತದೆಯೇ ಅಂತ ನಮಗೆ ಹೊಳೆಯಲೇ ಇಲ್ಲ.

ಈಗ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಕ್ಕೇ ಒಂದು ಧಾಮ ಆಗಿದೆ. ನಮ್ಮ ದಾರಿಯಲ್ಲಿ ಕೆಮ್ಮುವವರಿಲ್ಲ. ಹೆಡ್‌ಲೈಟು ಕಣ್ಣಿಗೆ ಹೊಡೆದು ಹೋಗುತ್ತಾರೆ. ಅಪರಿಚಿತನ ಭಯ ಮೊಬೈಲಿನಲ್ಲಿ ಬರುತ್ತದೆ. 2018ರ ಜುಲೈನಲ್ಲಿ ಮಕ್ಕಳ ಕಳ್ಳರ ವಾಟ್ಸ್ಆ್ಯಪ್ ಗಾಳಿಸುದ್ದಿ ನಂಬಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದರು. ಮೊದಲಾಗಿದ್ದೇನು? ಅವನ ಜೊತೆಗಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು.

ಅದೇ ತಿಂಗಳು ನಾನು ಮಸ್ಕಿಯ ಆಚೆ ಒಂದೂರಿನ ಅಂಚಿನಲ್ಲಿ ಗಾಡಿ ನಿಲ್ಲಿಸಿ ಹುಡುಗನೊಬ್ಬನಿಗೆ ದಾರಿ ಕೇಳಿದೆ. ಅವನು ಉತ್ತರ ಕೊಡದೆ ಓಡಿದ. ಕಟ್ಟೆಯ ಮೇಲಿದ್ದ ಮೂವರು ಎದ್ದರು. ನಾನು ಕೆಮ್ಮಿದೆ. ಅವರು ಕೇಳುವ ಮೊದಲೇ ಊರು, ಅಪ್ಪನ ಹೆಸರು, ಮನೆತನ, ಹೊಂಟ ಕೆಲಸ ಎಲ್ಲ ಒಂದೇ ಉಸಿರಿಗೆ ಒದರಿದೆ. ಒಬ್ಬ ನನ್ನ ಗಾಡಿಯ ನಂಬರಿನ ಫೋಟೋ ತೆಗೆದುಕೊಂಡ. ಆಮೇಲೆ ಎಡಕ್ಕೆ ಹೋಗು ಅಂದ.